ಅಣ್ಣನಿಗೂ ನನಗೂ ಬಂದ ಕಾಯಿಲೆ

ನನ್ನ ರಕ್ತ ಬೇಡ ಎಂದರು. ನನಗೆ ಕಾಯಿಲೆ ಇದೆಯೆಂದು ಗೊತ್ತಾದದ್ದೇ ಹಾಗೆ.

ಎಂಬತ್ತರ ದಶಕ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ನಾನು ಹೊಸನಗರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ನಮ್ಮ ಡ್ರಿಲ್ ಮೇಷ್ಟ್ರು ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆ ಸೇರಿದ್ದರು. ಆಪರೇಷನ್ನಿಗೆ ರಕ್ತ ಬೇಕೆಂದು ಸುದ್ದಿ ಬಂದಾಗ ನಾವು ನಾಲ್ಕು ಜನ ಬೆಳಗಿನ ಬಸ್ಸು ಹತ್ತಿ, ನಗರ ಎಂಬ ಊರು ದಾಟಿ, ಹುಲಿಕಲ್ ಘಾಟಿ ಇಳಿದು ಹೋದೆವು. ಪರೀಕ್ಷೆಗೆಂದು ಎಲ್ಲರ ತೋಳಿನಿಂದ ಸ್ವಲ್ಪ ಸ್ವಲ್ಪ ರಕ್ತ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಉಳಿದ ಮೂವರನ್ನು ಒಳಗೆ ಕರೆದರು. ನನ್ನನ್ನು ಮಾತ್ರ ಬೆಂಚಿನ ಮೇಲೆ ಹಾಗೆಯೇ ಕೂರಿಸಿದ್ದರು.

ಕೊನೆಗೆ ಒಬ್ಬ ಲೇಡಿ ಡಾಕ್ಟರು ಬಂದು ಪಕ್ಕದಲ್ಲೇ ಕೂತರು. ಕರಾವಳಿಯವರು, ನನಗಿಂತ ಚಿಕ್ಕವರು. ನನ್ನ ರಕ್ತದಲ್ಲಿ ಲಿವರಿಗೆ ತಗಲುವ ಒಂದು ವೈರಸ್ಸಿನ ಗುರುತು ಸಿಕ್ಕಿದೆ, ಹೆಪಟೈಟಿಸ್ ಬಿ ಎನ್ನುತ್ತಾರೆ, ಹಾಗಾಗಿ ನನ್ನ ರಕ್ತವನ್ನು ಯಾರಿಗೂ ಕೊಡುವ ಹಾಗಿಲ್ಲ ಎಂದರು. ಕಾಮಾಲೆ ಆಗಿತ್ತೇ ಎಂದು ಕೇಳಿದರು. ಇಲ್ಲವೆಂದೆ. ಆಮೇಲೆ, ಕುಡಿಯುವ ಅಭ್ಯಾಸ ಇದೆಯೇ ಎಂದು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆಯೇ ಇರಬೇಕು. ಆದರೂ ನನ್ನ ಕಿವಿ ಬಿಸಿಯಾಯಿತು. ನಮ್ಮಜ್ಜ ಬಗನಿ ಮರದಿಂದ ಕಳ್ಳು ಇಳಿಸುತ್ತಿದ್ದವನು. ಗೇಣಿ ಮಾಡುತ್ತಿದ್ದ ಗದ್ದೆ ಕಾನೂನು ಬಂದು ನಮ್ಮದಾಯಿತು, ನಾವು ಓದಿ ಮೇಷ್ಟ್ರಾದೆವು. ಆದರೂ ನಮ್ಮವರಲ್ಲಿ ಯಾರಾದರೂ ಎಡವಿದರೆ, ಕಲ್ಲು ಎಲ್ಲಿದೆ ಎಂದು ಯಾರೂ ನೋಡುವುದಿಲ್ಲ, ಕುಡಿದಿದ್ದಾನೆ ಎನ್ನುತ್ತಾರೆ. ನಾನು ಜನ್ಮದಲ್ಲಿ ಮುಟ್ಟಿದವನಲ್ಲ ಎಂದು ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದೆ.

ಮನೆಯಲ್ಲಿ ಯಾರಿಗಾದರೂ ಲಿವರಿನ ಕಾಯಿಲೆ ಇತ್ತೇ ಎಂಬ ಪ್ರಶ್ನೆಗೆ, ಇಲ್ಲ ಎಂದುಬಿಟ್ಟೆ.

ಸುಳ್ಳು ಹೇಳಿದೆನೆಂದು ಆಗ ನನಗೆ ಅನಿಸಿರಲಿಲ್ಲ. ಅಣ್ಣನದು ಕಾಯಿಲೆಯೆಂದು ನಾನು ಎಣಿಸಿಯೇ ಇರಲಿಲ್ಲ.

ಅಣ್ಣ ಚೌಡಪ್ಪ ನನಗಿಂತ ಏಳು ವರ್ಷ ದೊಡ್ಡವನು. ಅಪ್ಪ ಬೇಗ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಸಾಗರದ ಆಚೆ, ಶರಾವತಿಯ ಹಿನ್ನೀರಿನಲ್ಲಿ ತುಮರಿಯ ಕಡೆಗೆ ಜನರನ್ನು ದಾಟಿಸುವ ಲಾಂಚಿನ ಚಾಲಕನಾಗಿದ್ದ. ಮಾತು ಕಡಿಮೆ. ಹೆಂಗಸರು ಮಕ್ಕಳು ಹತ್ತುವಾಗ ಲಾಂಚು ಅಲುಗದಂತೆ ನಿಲ್ಲಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಅವನು ಬದಲಾಗತೊಡಗಿದ. ಹಗಲಲ್ಲೇ ತೂಕಡಿಸುತ್ತಿದ್ದ. ಹೇಳಿದ್ದನ್ನೇ ಹೇಳುತ್ತಿದ್ದ, ನಾಲಿಗೆ ತೊದಲುತ್ತಿತ್ತು. ಕೈ ನಡುಗುತ್ತಿತ್ತು. ಒಮ್ಮೆ ದಡದ ಕಟ್ಟೆ ಬಿಟ್ಟು ಆಚೆ ಕೆಸರಿಗೆ ಲಾಂಚು ನುಗ್ಗಿಸಿದ. ಯಾರಿಗೂ ಏನೂ ಆಗಲಿಲ್ಲ. ಆದರೆ ಚಾಲಕ ಕುಡಿದಿದ್ದ ಎಂಬ ಮಾತು ಎರಡೂ ದಡದಲ್ಲಿ ಹಬ್ಬಿತು. ಅವನನ್ನು ಲಾಂಚಿನಿಂದ ಇಳಿಸಿ ದಡದಲ್ಲಿ ಟಿಕೇಟು ಹರಿಯಲು ಕೂರಿಸಿದರು. ಅವ್ವ ಅವನನ್ನು ವರದಹಳ್ಳಿಯ ಆಶ್ರಮಕ್ಕೆ ಕರೆದುಕೊಂಡು ಹೋಗಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದಳು. ಅವನು ಎದುರಾಡದೆ ಹಾಕಿದ.

ತುರ್ತು ಪರಿಸ್ಥಿತಿ ಮುಗಿದ ವರ್ಷ ಸಾಗರದಲ್ಲಿ ನನ್ನ ಮದುವೆ. ಅಣ್ಣ ಹೆಂಡತಿ ಗಿರಿಜಾ ಮತ್ತು ಆರು ವರ್ಷದ ಮಗಳು ಲಲಿತಾಳ ಜೊತೆ ಬಂದಿದ್ದ. ಮುಹೂರ್ತದ ಹೊತ್ತಿಗೆ, ಬೆಳಗಿನ ಹತ್ತು ಗಂಟೆಗೆ, ಬೀಗರ ಸಾಲಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಯಾರೋ ಮುಟ್ಟಿ ಎಬ್ಬಿಸಿದರೆ ಎದ್ದು ನಿಂತು ವಾಲಿ ಹರಿವಾಣದ ಮೇಲೆ ಬಿದ್ದ. ಧಾರೆ ಮುಗಿದ ಕೂಡಲೇ ನಾನು ಅವನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಬಾಸಿಂಗ ಕಟ್ಟಿಕೊಂಡೇ ಅವನ ಬಾಯಿಗೆ ಮೂಗು ಒಡ್ಡಿದೆ. ಒಂದು ಥರದ ಸಿಹಿ ನಾತ, ಹಣ್ಣು ಕೊಳೆತು ಮುಗ್ಗಿದ ಹಾಗೆ.

"ತಮ್ಮ, ನಾ ಕುಡ್ದಿಲ್ಲ" ಎಂದ.

"ಹಂಗಾರೆ ಬಾಯಿ ಎಂತಕ್ಕೆ ಹಿಂಗೆ ನಾರ್ತದೆ?" ಎಂದೆ.

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸುವವನ ಹಾಗೆ ಹುಬ್ಬು ಗಂಟಿಕ್ಕಿದ. "ಗೊತ್ತಿಲ್ಲ" ಎಂದ.

ಅವರನ್ನು ಮಧ್ಯಾಹ್ನದ ಬಸ್ಸಿಗೆ ತೀರ್ಥಹಳ್ಳಿಗೆ ಕಳಿಸಿಬಿಡಿ ಎಂದು ನಾನು ಮಾವನ ಕಡೆಯವರೊಬ್ಬರಿಗೆ ಹೇಳಿದೆ. ತೀರ್ಥಹಳ್ಳಿ ಅತ್ತಿಗೆಯ ತವರು. ಊಟದ ಮೊದಲನೇ ಪಂಕ್ತಿಗೂ ಅವರು ನಿಲ್ಲಲಿಲ್ಲ. ಆಮೇಲೆ ನಾನು ಅಣ್ಣನನ್ನು ಜೀವಂತ ನೋಡಲಿಲ್ಲ. ಕೆಲವು ತಿಂಗಳಿಗೆ ಹೊಟ್ಟೆಯಲ್ಲಿ ನೀರು ತುಂಬಿ, ಒಂದು ದಿನ ರಕ್ತ ಕಾರಿ, ತೀರ್ಥಹಳ್ಳಿಯಲ್ಲೇ ಹೋದ. ತಿಥಿಯ ಊಟದಲ್ಲಿ ಯಾರೋ ಕುಡಿತ ಯಾರನ್ನು ತಾನೇ ಬಿಟ್ಟಿದೆ ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಎರಡನೇ ಸಲ ಆಸ್ಪತ್ರೆಗೆ ಹೋದದ್ದು ಪರೀಕ್ಷೆಗೆಂದು ಲಿವರಿನ ಚೂರು ತೆಗೆಸಿಕೊಳ್ಳಲು. ಹೆಂಡತಿ ಸುಮಿತ್ರಾ ಜೊತೆಗಿದ್ದಳು. ನಮ್ಮ ಸರದಿಗೆ ಕಾಯುತ್ತಿದ್ದಾಗ ಒಬ್ಬ ರೈತನನ್ನು ತಳ್ಳುಗಾಡಿಯಲ್ಲಿ ತಂದು ನಮ್ಮೆದುರಿಗೇ ನಿಲ್ಲಿಸಿದರು. ಅದೇ ಲೇಡಿ ಡಾಕ್ಟರು ಬಂದು, ಪೊಲೀಸರು ವಾಹನ ನಿಲ್ಲಿಸುವ ಹಾಗೆ ಕೈ ಎತ್ತಿ ಹಿಡಿಯಲು ಅವನಿಗೆ ಹೇಳಿದರು. ಹಿಡಿದ. ಎರಡೂ ಹಸ್ತಗಳು ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದವು. ಇಪ್ಪತ್ತರಿಂದ ಹಿಂದಕ್ಕೆ ಎಣಿಸು ಎಂದರು. ಹದಿನೇಳರ ಹತ್ತಿರ ತೊದಲಿ, ಕಣ್ಣು ಮುಚ್ಚಿದ. ಆಗ ಆ ವಾಸನೆ ಬಂತು, ಮುಗ್ಗಿದ ಹಣ್ಣಿನ ವಾಸನೆ.

ನಾನು ಎದ್ದು ನಿಂತೆ. ಎಷ್ಟು ಕುಡಿದಿದ್ದಾನೆ ಇವನು ಎಂದು ಕೇಳಿದೆ. ನನ್ನ ದನಿ ನನಗೇ ದೂರದಿಂದ ಕೇಳಿಸುತ್ತಿತ್ತು.

"ಕುಡಿದದ್ದಲ್ಲ ಇದು" ಎಂದರು ಡಾಕ್ಟರು. "ಲಿವರ್ ಕೆಲಸ ನಿಲ್ಲಿಸಿದರೆ ಮೈಯ ವಿಷ ತಲೆಗೆ ಹೋಗ್ತದೆ. ತೂಕಡಿಕೆ, ತೊದಲು, ಈ ವಾಸನೆ, ಎಲ್ಲ ಅದರದ್ದೇ. ತುಂಬಾ ಜನ ತಪ್ಪು ತಿಳಿತಾರೆ."

ಕಾರಿಡಾರಿನ ತುದಿಯಲ್ಲಿ ಒಂದು ನಲ್ಲಿ ಇತ್ತು. ಅಲ್ಲಿಗೆ ಹೋಗಿ ನೀರಿಗೆ ತಲೆ ಒಡ್ಡಿದೆ. ಸುಮಿತ್ರಾ ಬಂದು ಬೆನ್ನ ಮೇಲೆ ಕೈ ಇಟ್ಟಳು. ಸೂಜಿಗೆ ಹೆದರಿದೆನೆಂದು ಅವಳು ತಿಳಿದಿದ್ದಳು. ನಮ್ಮ ಮದುವೆಯ ದಿನ ಹಿತ್ತಿಲಲ್ಲಿ ನಡೆದದ್ದನ್ನು ನಾನು ಅವಳಿಗೆ ಹೇಳಿದ್ದು ಆ ನಲ್ಲಿಯ ಹತ್ತಿರ, ಆರು ವರ್ಷದ ಮೇಲೆ.

ಚೂರು ತೆಗೆಯುವುದೇನೂ ದೊಡ್ಡದಾಗಲಿಲ್ಲ. ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡಿಯಿರಿ ಎಂದರು, ಪಕ್ಕೆಲುಬಿನ ನಡುವೆ ಗುದ್ದಿದಂತಾಯಿತು, ಮುಗಿಯಿತು. ಆಮೇಲೆ ಬಲ ಮಗ್ಗುಲಲ್ಲಿ ಗಂಟೆಗಟ್ಟಲೆ ಅಲುಗದೆ ಮಲಗಬೇಕಿತ್ತು. ಗೋಡೆ ನೋಡುತ್ತಾ ಮಲಗಿದ್ದಾಗ ಅಣ್ಣ "ಗೊತ್ತಿಲ್ಲ" ಎಂದದ್ದು ಮತ್ತೆ ಮತ್ತೆ ಕೇಳಿಸಿತು. ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡುವುದು ನನಗೆ ಅಭ್ಯಾಸವಾಯಿತು. ಈಗಲೂ ಬಿಟ್ಟಿಲ್ಲ.

ಊರಿನಲ್ಲಿ ಸುದ್ದಿ ನನಗಿಂತ ಮೊದಲು ತಲುಪಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಚಹಾದ ಲೋಟ ಕಿಟಕಿಯ ಮೇಲೆ ಬೇರೆಯಾಗಿ ನಿಂತಿತು. ಯಾರೂ ಏನೂ ಹೇಳಲಿಲ್ಲ, ಅದು ಅಲ್ಲಿತ್ತು ಅಷ್ಟೇ. ಅವ್ವ ನೆಲನೆಲ್ಲಿ ಅರೆದು ಮಜ್ಜಿಗೆಗೆ ಹಾಕಿ ಕೊಡತೊಡಗಿದಳು. ಬೇಡವೆನ್ನಲು ಮನಸ್ಸಾಗಲಿಲ್ಲ. ನನ್ನ ತಟ್ಟೆ ಲೋಟ ಬೇರೆ ಇಡಬೇಕೇ ಎಂದು ಅವಳು ಸುಮಿತ್ರಾಳನ್ನು ಪಿಸುಗುಟ್ಟಿ ಕೇಳಿದ ದಿನ, ಸುಮಿತ್ರಾ ನಾನು ಅರ್ಧ ಕುಡಿದಿಟ್ಟ ಲೋಟ ಎತ್ತಿ ಉಳಿದದ್ದನ್ನು ಕುಡಿದು, ತೊಳೆಯಲು ಹೋದಳು. ಸುಮಿತ್ರಾಳ ರಕ್ತವನ್ನೂ ನಮ್ಮ ಮಗನ ರಕ್ತವನ್ನೂ ಪರೀಕ್ಷೆ ಮಾಡಿದ್ದರು. ಅವಳಿಗೆ ಎಂದೋ ತಗಲಿ, ಅವಳಿಗೇ ತಿಳಿಯದಂತೆ ಬಿಟ್ಟುಹೋಗಿತ್ತು. ನಾಲ್ಕು ವರ್ಷದ ಮಗನಿಗೆ ಬಂದಿರಲಿಲ್ಲ. ಆ ಚೀಟಿಯನ್ನು ನಾನು ಬಸ್ಸಿನಲ್ಲಿ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಲಿವರಿನ ವರದಿ ಕೊಡುವ ದಿನ ಡಾಕ್ಟರು ನನಗೆ ಮೈಕ್ರೋಸ್ಕೋಪಿನಲ್ಲಿ ನನ್ನದೇ ಚೂರನ್ನು ತೋರಿಸಿದರು. ಯಾರಿಗೂ ತೋರಿಸುವ ಪದ್ಧತಿ ಇರಲಿಲ್ಲ, ನಾನೇ ಕಾಡಿ ಕೇಳಿದೆ. ಪಕ್ಕಪಕ್ಕದಲ್ಲಿ ಜೋಡಿಸಿಟ್ಟ ಕೋಶಗಳು. ಅವುಗಳಲ್ಲಿ ಕೆಲವು ಮಾತ್ರ ಮಸುಕು ಗಾಜಿನಂತೆ ಮಂಕಾಗಿದ್ದವು. ವೈರಸ್ಸು ಇರುವ ಕೋಶಗಳು ಅವು ಎಂದರು. ಒಂದಿಷ್ಟು ಇಲ್ಲಿ ಗುಂಪಾಗಿ, ನಡುವೆ ಬರೀ ಒಳ್ಳೆಯವು, ಮತ್ತೆ ಅಲ್ಲೊಂದು ಗುಂಪು. ಅದು ಒಂದರಿಂದ ಪಕ್ಕದ್ದಕ್ಕೆ ದಾಟುತ್ತದೆಯೋ, ರಕ್ತದಲ್ಲಿ ತೇಲಿ ಬೇರೆಲ್ಲೋ ಇಳಿಯುತ್ತದೆಯೋ ಎಂದು ಕೇಳಿದೆ. ಎರಡೂ ಇರಬಹುದು, ಸರಿಯಾಗಿ ಯಾರಿಗೂ ಗೊತ್ತಿಲ್ಲ ಎಂದರು. "ನೀವು ಗಣಿತದವರಲ್ವಾ, ಲೆಕ್ಕ ಹಾಕಿ ನಮಗೂ ಹೇಳಿ ಮಾರಾಯ್ರೆ" ಎಂದು ನಕ್ಕರು.

ಅವರು ತಮಾಷೆಗೆ ಹೇಳಿದ್ದು. ನಾನು ಮನೆಗೆ ಬಂದು ನಿಜವಾಗಿ ಲೆಕ್ಕ ಹಾಕತೊಡಗಿದೆ.

ನನಗೆ ಬೇಕಿದ್ದುದು ಒಂದೇ ಉತ್ತರ: ಇದು ನನ್ನೊಳಗೆ ಯಾವಾಗ ಬಂತು? ಬಿ.ಎಡ್. ಓದುವಾಗ ಟೈಫಾಯ್ಡಿಗೆ ಇಂಜೆಕ್ಷನ್ ಹಾಕಿಸಿಕೊಂಡಾಗಲೋ, ಅದಕ್ಕೂ ಮೊದಲೋ? ಮೊದಲೇ ಆಗಿದ್ದರೆ ಅಣ್ಣನೂ ನಾನೂ ಒಂದೇ ಸೂರಿನಡಿ ಇದ್ದ ಕಾಲ ಅದು. ದೊಡ್ಡ ಗ್ರಾಫ್ ಹಾಳೆ ತಂದು ಒಂದು ಚೌಕಕ್ಕೆ ಒಂದು ಕೋಶವೆಂದು ಇಟ್ಟುಕೊಂಡೆ. ನಡುವಿನ ಒಂದು ಚೌಕಕ್ಕೆ ಕೆಂಪು ಪೆನ್ಸಿಲ್ ಬಳಿದೆ. ಮಗನ ಹಾವು ಏಣಿ ಆಟದ ದಾಳ ತೆಗೆದುಕೊಂಡೆ. ಕೆಂಪು ಚೌಕದ ಪಕ್ಕದ ಪ್ರತಿಯೊಂದು ಚೌಕಕ್ಕೂ ದಾಳ ಹಾಕುವುದು, ಆರು ಬಿದ್ದರೆ ಅದಕ್ಕೂ ಕೆಂಪು. ಕೆಂಪು ಚೌಕಕ್ಕೆ ಒಂದು ಬಿದ್ದರೆ ಆ ಕೋಶ ಸತ್ತು ಹೊಸದು ಬಂತೆಂದು ಅಳಿಸುವುದು. ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವವರೆಗೆ, ಭಾನುವಾರ ಇಡೀ ದಿನ, ಇದೇ ಕೆಲಸ.

ಪಕ್ಕಕ್ಕೆ ಮಾತ್ರ ದಾಟುವಂತೆ ಆಡಿದರೆ ಶಾಯಿ ಚೆಲ್ಲಿದ ಹಾಗೆ ಒಂದೇ ದೊಡ್ಡ ಕಲೆಯಾಗುತ್ತಿತ್ತು. ಕಣ್ಣು ಮುಚ್ಚಿ ಪೆನ್ಸಿಲ್ ಊರಿದಲ್ಲೆಲ್ಲ ಕೆಂಪು ಮಾಡಿದರೆ ದಡಾರದ ಗುಳ್ಳೆಯಂತೆ ಚೆದುರುತ್ತಿತ್ತು. ಎರಡನ್ನೂ ಬೆರೆಸಿ, ಹೆಚ್ಚಾಗಿ ಪಕ್ಕಕ್ಕೆ, ಅಪರೂಪಕ್ಕೊಮ್ಮೆ ದೂರಕ್ಕೆ ಎಂದು ಆಡಿದಾಗ, ಮೈಕ್ರೋಸ್ಕೋಪಿನಲ್ಲಿ ಕಂಡಂತೆಯೇ ದ್ವೀಪ ದ್ವೀಪವಾಗಿ ಮೂಡಿತು. ನೋಡಿ ನನಗೆ ಸಂತೋಷವಾಗಬೇಕಿತ್ತು. ಹಾಳೆಯನ್ನು ಬೋರಲು ಹಾಕಿದೆ. ಇನ್ನೂ ಒಂದು ಸಂಗತಿ ಕಂಡಿತು. ಮೊದಲ ಕೆಲವು ಸುತ್ತಿನಲ್ಲೇ ಎಲ್ಲ ತೀರ್ಮಾನವಾಗುತ್ತಿತ್ತು. ಎಷ್ಟೋ ಸಲ ಒಂದೆರಡು ಸುತ್ತಿಗೆ ಕೆಂಪು ಪೂರ್ತಿ ಅಳಿಸಿಹೋಗುತ್ತಿತ್ತು. ಆದರೆ ಹತ್ತು ಹದಿನೈದು ಚೌಕ ಒಮ್ಮೆ ದಾಟಿತೆಂದರೆ ಮುಗಿಯಿತು, ಎಷ್ಟು ಅಳಿಸಿದರೂ ಹಾಳೆ ಮತ್ತೆ ಪೂರ್ತಿ ಖಾಲಿಯಾಗುತ್ತಿರಲಿಲ್ಲ.

ಸುಮಿತ್ರಾ ತಿಂಗಳುಗಟ್ಟಲೆ ಸಹಿಸಿದಳು. ಒಂದು ಸಂಜೆ ದಾಳ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. "ಕಾಯಿಲೆ ಒಳಗಿದೆ ಅಂದ್ರೆ ಒಪ್ಪಿದೆ. ಅದನ್ನ ದಿನಾ ಚಾಪೆ ಮೇಲೆ ಹರಡಿಕೊಂಡು ಕೂತ್ರೆ ಈ ಮನೇಲಿ ನಾವೆಲ್ಲಿ ಕೂರದು?" ಎಂದಳು. ಅಂದು ರಾಶಿ ಹಾಳೆ ಸುತ್ತಿ ಕಟ್ಟಿದೆ. ಮುಂದಿನ ಸಲ ಆಸ್ಪತ್ರೆಗೆ ಒಯ್ದೆ.

ಡಾಕ್ಟರು ನಗಲಿಲ್ಲ. ಮೇಜಿನ ಮೇಲೆ ಹರಡಿ ಒಂದೊಂದನ್ನೇ ನೋಡಿದರು. ಲಿವರಿನ ಕೋಶ ತಿಂಗಳುಗಟ್ಟಲೆ ಬದುಕುತ್ತದೆಂದು ಅವರೇ ಹಿಂದೆ ಹೇಳಿದ್ದರು. ಅದನ್ನು ಹಿಡಿದು ಸುತ್ತುಗಳನ್ನು ಎಣಿಸಿದರೆ, ನನ್ನ ಚೂರಿನಲ್ಲಿ ಕಂಡಷ್ಟು ದ್ವೀಪಗಳಾಗಲು ಇಪ್ಪತ್ತು ಮೂವತ್ತು ವರ್ಷವೇ ಬೇಕು ಎಂದೆ. ಅವರು ಇಲ್ಲವೆಂಬಂತೆ ತಲೆಯಾಡಿಸಿದರು. ದಾಳಕ್ಕೆ ಗೊತ್ತಿಲ್ಲದ್ದು ಎಷ್ಟೋ ಇದೆ, ಇದನ್ನು ಪುರಾವೆ ಎನ್ನಲಾಗದು ಎಂದರು. ಆಮೇಲೆ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದರು. ದೊಡ್ಡವರಿಗೆ ಇದು ತಗಲಿದರೆ ಹೆಚ್ಚಿನವರ ಮೈ ಅದನ್ನು ಓಡಿಸಿಬಿಡುತ್ತದೆ, ನನ್ನ ಹೆಂಡತಿಯಲ್ಲಿ ಆದ ಹಾಗೆ. ಹುಟ್ಟುವಾಗಲೇ ತಗಲಿದರೆ ಮೈಗೆ ಅದು ಪರಕೀಯವೆಂದೇ ತಿಳಿಯುವುದಿಲ್ಲ, ಒಳಗೇ ಇಟ್ಟುಕೊಳ್ಳುತ್ತದೆ.

ಹಾಳೆ ಮಡಚುತ್ತಾ ಕೇಳಿದರು, "ನಿಮ್ಮ ತಾಯಿಯವರ ರಕ್ತ ಯಾರಾದ್ರೂ ನೋಡಿದ್ದು ಉಂಟಾ?"

ಬಸ್ಸು ಘಾಟಿ ಹತ್ತುವಷ್ಟು ಹೊತ್ತೂ ನಾನು ಅದನ್ನೇ ತೂಗುತ್ತಿದ್ದೆ. ಅಣ್ಣ ಕುಡುಕನಲ್ಲ ಎಂದು ಹೇಳಲು ನನ್ನ ಬಳಿ ಬೇರೆ ದಾರಿಯಿರಲಿಲ್ಲ. ಆದರೆ ಹೇಳಿದರೆ ಅದು ಅವ್ವನ ಹೊಟ್ಟೆಯಿಂದ ಬಂತೆಂದು ಹೇಳಿದಂತೆ. ಇಬ್ಬರು ಗಂಡುಮಕ್ಕಳನ್ನು ಹೆತ್ತವಳು, ಒಬ್ಬನನ್ನು ಮಣ್ಣು ಮಾಡಿದವಳು. ಒಂದು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಅವ್ವನೇ, ಸೊಪ್ಪು ಬಿಡಿಸುತ್ತಾ, ಡಾಕ್ಟ್ರು ಎಂತ ಹೇಳಿದ್ರು ಹೇಳು, ಮುಚ್ಚಿಡಬೇಡ ಎಂದಳು. ಹೇಳಿದೆ. ಆಸ್ಪತ್ರೆಯ ತಳ್ಳುಗಾಡಿಯ ಮೇಲಿದ್ದ ಮನುಷ್ಯ, ಅವನ ಕೈ, ಆ ವಾಸನೆ, ಎಲ್ಲ ಹೇಳಿ ಕೊನೆಗೆ ಡಾಕ್ಟರು ಕೇಳಿದ ಪ್ರಶ್ನೆ ಹೇಳಿದೆ.

ಅವಳು ತನ್ನ ಬಗ್ಗೆ ಏನೂ ಕೇಳಲಿಲ್ಲ. ಸೊಪ್ಪಿನ ಮೇಲೆ ಕೈ ನಿಂತಿತ್ತು.

"ಅವ ಆಣೆ ಹಾಕ್ದ" ಎಂದಳು. "ಕುಡೀದೆ ಇದ್ದದ್ದನ್ನ ಬಿಡ್ತೀನಿ ಅಂತ ಆಣೆ ಹಾಕ್ದ. ನಾ ಹಾಕ್ಸಿದೆ."

ನಾನು ಪರೀಕ್ಷೆ ಮಾಡಿಸಲೇಬೇಕೆಂದೇನಿಲ್ಲ ಎಂದೆ. ಅವ್ವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಅವ್ವನ ರಕ್ತದಲ್ಲಿ ಅದೇ ಗುರುತು ಇತ್ತು. ಅವಳ ಲಿವರಿಗೆ ಏನೂ ಆಗಿರಲಿಲ್ಲ. ಕೆಲವರಲ್ಲಿ ಅದು ಜೀವಮಾನವಿಡೀ ಸುಮ್ಮನೆ ಇದ್ದುಬಿಡುತ್ತದೆ ಎಂದರು ಡಾಕ್ಟರು. ಆಗ ನಾನು ಅಣ್ಣನ ವಿಷಯ ಪೂರ್ತಿ ಹೇಳಿದೆ. ಹೋದವರ ಬಗ್ಗೆ ನೂರಕ್ಕೆ ನೂರು ಹೇಳಲು ತಮಗೆ ಸಾಧ್ಯವಿಲ್ಲ ಎಂದೂ, ಆದರೆ ತಮ್ಮನ್ನು ಕೇಳಿದರೆ ಅವರದು ಕುಡಿತವಲ್ಲ, ಇದೇ ಎಂದೂ ಹೇಳಿದರು. ಅವ್ವ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ನಾನು ಈಗಲೂ ಬದುಕಿದ್ದೇನೆ. ಆಗ ಇದಕ್ಕೆ ಮದ್ದೆಂದು ಹೇಳುವಂಥದ್ದೇನೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಘಟ್ಟ ಇಳಿಯುವುದು, ರಕ್ತ ಕೊಡುವುದು, ಬೆಂಚಿನ ಮೇಲೆ ಕಾಯುವುದು. ಚೀಟಿ ಬಿಡಿಸಿ ಓದುವುದು. ಒಳಗೆ ಯಾವ ಚೌಕ ಕೆಂಪಾಗುತ್ತಿದೆಯೋ, ಯಾವುದು ಅಳಿಸಿತೋ ಎಂದು ಎಷ್ಟೋ ಸಂಜೆ ಸುಮ್ಮನೆ ಕೂತಿದ್ದೇನೆ. ಇಂಥ ಚೀಟಿ ಹಿಡಿದು ಬಸ್ಸಿನಲ್ಲಿ ಒಬ್ಬರೇ ಕೂತವರು ಇನ್ನೂ ಇದ್ದಾರೆಂದು ನನಗೆ ಗೊತ್ತು. ಅವರಿಗೆ ಹೇಳಲು ನನ್ನಲ್ಲಿ ಧೈರ್ಯದ ಮಾತು ಹೆಚ್ಚಿಲ್ಲ. ಮನೆಯವರಿಗೆ ಹೇಳಿ, ಅವರ ರಕ್ತವನ್ನೂ ತೋರಿಸಿ ಎನ್ನಬಲ್ಲೆ. ಇದೆಲ್ಲ ಬರೆಯಬೇಕೆನಿಸಿದ್ದು ಅದಕ್ಕೂ ಹೌದು, ತೀರ್ಥಹಳ್ಳಿಯ ಆ ಶನಿವಾರಕ್ಕೂ ಹೌದು.

ಅವ್ವನ ಪರೀಕ್ಷೆಯಾದ ವಾರದ ಶನಿವಾರವೇ ನಾವಿಬ್ಬರೂ ಅತ್ತಿಗೆಯ ಮನೆಗೆ ಹೋದೆವು. ಅತ್ತಿಗೆ ಅಲ್ಲಿ ಬಾಲವಾಡಿಯಲ್ಲಿ ಟೀಚರು. ತುಂಗೆಯ ಸೇತುವೆಯ ಹತ್ತಿರದ ಓಣಿಯಲ್ಲಿ ಬಾಡಿಗೆ ಮನೆ. ಮಧ್ಯಾಹ್ನ ಆಗಷ್ಟೇ ಮನೆಗೆ ಬಂದಿದ್ದರು. ನಾನು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅವ್ವ ನನಗೆ ಬಿಡಲಿಲ್ಲ. ಮಣೆ ಕೊಟ್ಟರೂ ಕೂರದೆ, ನಿಂತೇ ಹೇಳಿದಳು.

"ಗಿರಿಜಾ, ಅವ ಕುಡೀತಿರ್ಲಿಲ್ಲ. ಅದು ನನ್ ರಕ್ತದಿಂದ ಬಂದ ಕಾಯಿಲೆ."

ನಾನು ಉಳಿದದ್ದನ್ನು ವಿವರಿಸಿದೆ. ನಿಮ್ಮದೂ ಲಲಿತಾಳದೂ ರಕ್ತ ತೋರಿಸಬೇಕು ಎಂದೆ. ಮುಂದೆ ತೋರಿಸಿದೆವು, ಇಬ್ಬರಿಗೂ ಇರಲಿಲ್ಲ. ಅತ್ತಿಗೆ ಅಳುತ್ತಾರೆ ಎಂದುಕೊಂಡಿದ್ದೆ. ಇಷ್ಟು ವರ್ಷ ಹೊತ್ತ ಮಾತು ಇಳಿಯಿತೆಂದು ಹಗುರಾಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬೂದಿಯಂತಾಯಿತು.

"ಒಂದಿನ ನಾ ಬಾಗ್ಲು ಹಾಕ್ಕಂಡೆ ಅತ್ತೆ" ಎಂದರು. "ಆ ವಾಸ್ನೆ ತಡೀಲಾರದೆ. ಮಧ್ಯಾಹ್ನ ಪೂರ್ತಿ ಜಗಲಿ ಮೇಲೆ ಕೂತಿದ್ರು. ಕುಡ್ದಿಲ್ಲ ಗಿರಿಜಾ ಅಂತ ಹೊರಗಿಂದ ಹೇಳ್ತಿದ್ರು. ನಾ ತೆಗೀಲಿಲ್ಲ."

ಅವ್ವ ಆಗ ಕೂತಳು. ತಾನು ಆಣೆ ಹಾಕಿಸಿದ್ದನ್ನು ಹೇಳಿದಳು. ನಾನು ಹಿತ್ತಿಲಿನದನ್ನು ಹೇಳಿದೆ.

ಲಲಿತಾ ಶಾಲೆಯ ಚೀಲ ಹೆಗಲಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಹನ್ನೆರಡು ವರ್ಷದವಳು, ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಅತ್ತಿಗೆ ಅವಳನ್ನು ಹತ್ತಿರ ಕರೆದು, ನಿನ್ನ ಅಪ್ಪ ಕುಡಿಯುತ್ತಿರಲಿಲ್ಲವಂತೆ ಎಂದರು.

"ನಂಗೆ ಗೊತ್ತಿತ್ತಲ್ಲ" ಎಂದಳು ಲಲಿತಾ.

ಹೇಗೆ ಎಂದು ಅತ್ತಿಗೆ ಕೇಳಿದರು.

"ಆ ದಿನ ಜಗಲಿ ಮೇಲೆ ಅಪ್ಪನ್ನೇ ಕೇಳ್ದೆ. ಇಲ್ಲ ಮಗಾ ಅಂದ್ರು. ಆಮೇಲೆ ನೀ ಬಾಗ್ಲು ತೆಗೆಯೋ ತನಕ ನಾನೂ ಅಲ್ಲೇ ಕೂತಿದ್ದೆ."